ಜಟಗನಿಗೆ ಎರಡು ಹರಕೆ

ಧಾರೇಶ್ವರದ ಕಡಲ ದಂಡೆಯಲ್ಲಿ, ಗಾಳಿಮರದ ನೆರಳಿಗೆ ಚಾಪೆ ಹಾಸಿ, ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಅವಲಕ್ಕಿ ಇಟ್ಟುಕೊಂಡು ಕೂತ ನಿವೃತ್ತ ಮಾಸ್ತರನಿಗೆ ಎಂಥ ಕಷ್ಟ ಎಂದು ನೀವು ಕೇಳಬಹುದು. ಜನವರಿಯ ಭಾನುವಾರ ಬೇರೆ. ಕಷ್ಟಪಡುತ್ತಿದ್ದದ್ದು ನನ್ನ ಹೆಂಡತಿ. ವಿನುತಾ ಅವತ್ತು ಕುಮಟಾದಿಂದ ನಮ್ಮ ಜಿಲ್ಲೆಯದೇ ಆದ ಕಾಸರಕೋಡಿಗೆ ಹೋಗಿ ಮರಳಿ ಕುಮಟಾಕ್ಕೆ, ಒಟ್ಟು ಐವತ್ತು ಕಿಲೋಮೀಟರ್ ಓಡುತ್ತಿದ್ದಳು. ನನ್ನ ಕೆಲಸ ದಾರಿಯಲ್ಲಿ ಆರಾಮಾಗಿ ಕೂತು, ಹೋಗುವಾಗೊಮ್ಮೆ ಬರುವಾಗೊಮ್ಮೆ ಕೈ ಬೀಸುವುದು.

ಅವಳಿಗೆ ಐವತ್ತೆರಡು. ಅವಳ ಅಕ್ಕ ಇದೇ ವಯಸ್ಸಿಗೆ, ಅಂಗಳ ಗುಡಿಸುತ್ತಿದ್ದವಳು ಹಾಗೇ ಕುಸಿದು ಪ್ರಾಣ ಬಿಟ್ಟಳು. ಅದಾದ ಮೇಲೆ ವಿನುತಾ ಓಡಲು ಶುರುಮಾಡಿದಳು, ನಾನು ಹೆದರಲು ಶುರುಮಾಡಿದೆ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಬೇಡ ಎಂದರೆ ಅವಳು ಐವತ್ತರ ಬದಲು ನೂರು ಓಡುವವಳು. ಹಾಗಾಗಿ ಹಿಂದಿನ ಸಂಜೆ ಹಳದೀಪುರದ ನಮ್ಮ ಕೇರಿಯ ದೈವ ಜಟಗನ ಕಟ್ಟೆಗೆ ಹೋಗಿ ಗುಟ್ಟಾಗಿ ಹರಕೆ ಹೊತ್ತೆ. ಇವಳು ಏನೂ ಅಪಾಯವಿಲ್ಲದೆ ಅರ್ಧದಲ್ಲೇ ಓಟ ಬಿಟ್ಟರೆ ಒಂದು ಕಾಯಿ, ಒಂದು ಬಾಳೆಗೊನೆ.

ಬೆಳಕು ಹರಿಯುವ ಹೊತ್ತಿಗೆ ಅವಳು ನನ್ನೆದುರು ದಾಟಿದಳು. ನಗುತ್ತಿದ್ದಳು. ಅಕ್ಕ ಹೋದ ಮೇಲೆ ಆ ನಗು ನಾನು ನೋಡಿರಲಿಲ್ಲ. "ಚಾ ಆರ್ತದೆ, ಕುಡೀರಿ," ಎಂದು ಮುಂದೆ ಹೋದಳು. ಇಂಥವಳನ್ನು ನಿಲ್ಲಿಸಲು ದೈವಕ್ಕೆ ಲಂಚ ಕೊಟ್ಟವನು ನಾನು.

ಜಟಗನ ಪೂಜೆ ಮಾಡುವ ಚೌಡನಿಗೆ ಫೋನ್ ಮಾಡಿದೆ.

"ಹೊತ್ತ ಹರಕೆ ತಿರುಗಿ ತಕಳೂಕೆ ಬರ್ತದ್ಯಾ ಚೌಡ?"

"ಹೆಂಗೆ ಬರ್ತದೆ ಮಾಸ್ತರೇ? ಅವ ಕೇಳ್ಕಂಡು ಆತಲ್ಲ. ಬೇಕಾರೆ ಅದ್ಕಿಂತ ದೊಡ್ಡದೊಂದು ಹೊರ್ಲಕ್ಕು. ಎಂತ ಹರಕೆ?"

"ಎಂತದೂ ಇಲ್ಲ," ಎಂದು ಫೋನ್ ಇಟ್ಟೆ. ಹಳದೀಪುರದ ದಿಕ್ಕಿಗೆ ಕೈಮುಗಿದು, ಅವಳು ಓಟ ಮುಗಿಸಿದರೆ ಐದು ಕಾಯಿ ಎಂದೆ. ಈಗ ಒಬ್ಬನೇ ಜಟಗನ ತಲೆಯ ಮೇಲೆ ಎರಡು ಹರಕೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದು.

ಆಮೇಲೆ ನಾನು ಕೂರಲಿಲ್ಲ. ಚಾಪೆಯಿಂದ ರಸ್ತೆಗೆ, ರಸ್ತೆಯಿಂದ ಚಾಪೆಗೆ. ಪಕ್ಕದಲ್ಲಿ ಭಟ್ಕಳದ ಕುಟುಂಬವೊಂದು ಮಕ್ಕಳನ್ನು ನೀರಿಗೆ ಬಿಟ್ಟು, ಇಂಥ ದಿನವನ್ನು ಹೇಗೆ ಕಳೆಯಬೇಕೋ ಹಾಗೆ ಕಳೆಯುತ್ತಿತ್ತು. ಎಳನೀರು ಕೊಡಬಂದರು, ಬೇಡವೆಂದೆ. ಓಟಗಾರರು ಮರಳತೊಡಗಿದರು. ಒಬ್ಬ ರಸ್ತೆ ಬದಿಗೆ ವಾಂತಿ ಮಾಡಿ, ಬಾಯಿ ಒರೆಸಿಕೊಂಡು ಮತ್ತೆ ಓಡಿದ. ಇನ್ನೊಬ್ಬಳು ಅಳುತ್ತಲೇ ಓಡುತ್ತಿದ್ದಳು. ಓಟ ಬಿಟ್ಟವರನ್ನು ತುಂಬಿಕೊಂಡ ಟೆಂಪೊ ಬಂತು. ಇಣುಕಿದೆ, ವಿನುತಾ ಇರಲಿಲ್ಲ. ಖುಷಿಯಾಯಿತು, ಮರುಕ್ಷಣ ಹೆದರಿಕೆಯಾಯಿತು. ಹನ್ನೆರಡು ದಾಟಿತು. ಟೊಪ್ಪಿ ಚಾಪೆಯ ಮೇಲಿತ್ತು, ನಾನು ಬಿಸಿಲಲ್ಲಿದ್ದೆ. ಅವಲಕ್ಕಿ ಡಬ್ಬಿಯನ್ನು ತೆರೆದೇ ಇರಲಿಲ್ಲ.

ಮುಕ್ಕಾಲು ಗಂಟೆ ಕಳೆದು ಅವಳು ಬಂದಳು. ನಿಧಾನ, ಆದರೆ ಗಟ್ಟಿ ಹೆಜ್ಜೆ. ಇನ್ನು ಎಂಟೇ ಕಿಲೋಮೀಟರ್. ನನ್ನನ್ನು ನೋಡಿದವಳೇ ನಿಂತುಬಿಟ್ಟಳು.

"ಎಂತ ಆತು ನಿಮ್ಗೆ?"

"ಎಂತದೂ ಆಗ್ಲಿಲ್ಲ. ನಿಲ್ಬೇಡ, ಓಡು."

ಅವಳು ನನ್ನ ಹಣೆ ಮುಟ್ಟಿದಳು. "ಮುಖ ಸುಣ್ಣದಂಗೆ ಆಗ್ಯದೆ. ಹಣೆ ತಣ್ಣಗೆ ಬೆವರ್ತಾ ಅದೆ. ಬೆಳಗಿಂದ ನೀರೂ ಕುಡೀಲಿಲ್ಲ ಅಲ್ವಾ?"

"ಓಡು ಮಾರಾಯ್ತಿ, ನಿಂಗೆ ಕೈ ಮುಗೀತೆ."

"ನಿಮ್ಮ ಹಿಂಗೆ ಬಿಟ್ಟು ಓಡೂಕೆ ಆಗೂದಿಲ್ಲ."

ನನ್ನನ್ನು ನೆರಳಿಗೆ ಕರೆತಂದು ಕೂರಿಸಿ ನೀರು ಕುಡಿಸಿದಳು. ಅಂಗಿಗೆ ಚುಚ್ಚಿದ್ದ ಓಟದ ನಂಬರು ಚೀಟಿಯ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. ಕೊನೆಯ ಪಿನ್ನಿಗೆ ಕೈ ಹಾಕುವಾಗ ನನ್ನಿಂದ ತಡೆಯಲಾಗಲಿಲ್ಲ. ಎರಡೂ ಹರಕೆ ಹೇಳಿಬಿಟ್ಟೆ. ನಗುತ್ತಾಳೆ, ಇಲ್ಲವೇ ಬೈಯುತ್ತಾಳೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಆ ಪಿನ್ನನ್ನೂ ತೆಗೆದು, ಕುಮಟಾದ ಕಡೆ ನೋಡುತ್ತ ಕೂತಳು. ಅವಳಿಗಿಂತ ಹಿಂದೆ ಬಿದ್ದವರು ಒಬ್ಬೊಬ್ಬರೇ ದಾಟಿ ಹೋದರು.

"ಹೆದ್ರಿಕೆ ಆಗ್ತದೆ ಅಂತ ಜಟಗಂಗೆ ಹೇಳಿದ್ರಿ," ಎಂದಳು. "ನಂಗೆ ಹೇಳೂಕೆ ಎಂತ ಆಗಿತ್ತು?"

"ಹೇಳಿದ್ರೆ ಓಡೂದು ಬಿಡ್ತಿದ್ಯಾ?"

"ಇಲ್ಲ. ಆದ್ರೆ ಈಗ ನಿಲ್ತಿರ್ಲಿಲ್ಲ. ಬರೀ ಹೆದ್ರಿಕೆ ಅಂತ ಗೊತ್ತಿದ್ರೆ ಕೈ ಬೀಸಿ ಹೋಗ್ತಿದ್ದೆ. ನಿಮ್ಗೂ ಅಕ್ಕಂಗೆ ಆದಂಗೆ ಆತು ಅಂದ್ಕಂಡೆ ನಾನು."