ನಕ್ಷತ್ರದ ಹೆಸರು ಮಾರಾಟಕ್ಕಿಲ್ಲ

ಬಾಯಿ ಬಿಟ್ಟು ಹೇಳಲಾಗದ ಒಂದು ಮಾತಿತ್ತು. ಡೈರಿಯಲ್ಲಿ ಬರೆದೆ: "ಅತ್ತಿಗೆ ಮೋಸ ಹೋಗುತ್ತಿದ್ದಾಳೆ. ನನಗೆ ಗೊತ್ತು. ಹೇಳಿದ ಮೇಲೆ ಅವಳ ಮುಖ ನೋಡುವ ಧೈರ್ಯ ನನಗಿಲ್ಲ." ಬರೆದು ಪುಸ್ತಕ ಮುಚ್ಚಿದೆ. ಬರೆದಷ್ಟಕ್ಕೇ ಹೇಳಿದ ಹಾಗೆ ಆಗುವುದಿಲ್ಲವಲ್ಲ.

ನಮ್ಮದು ಬರಗೂರಿನ ಹತ್ತಿರದ ಒಂದು ಊರು. ಮನೆಯಲ್ಲಿ ನಾಲ್ಕು ಜನ. ನಮ್ಮನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಅಜ್ಜಿ ಕೊಲ್ಲಾಪುರಮ್ಮ, ಅಣ್ಣ ತಿಪ್ಪೇಶ್, ಅತ್ತಿಗೆ ಸುನಿತಾ, ಮತ್ತೆ ನಾನು, ಯಶೋಧರಾ. ನಾನು ಡಿಗ್ರಿ ಮುಗಿಸಿದ್ದೇನೆ. ಮನೆಗೆ ಯಾರಾದರೂ ಬಂದರೆ ನೀರು ಕೊಟ್ಟು ಒಳಗೆ ಹೋಗಿಬಿಡುತ್ತೇನೆ. ಊರಲ್ಲಿ ನನ್ನ ದನಿ ಕೇಳಿದವರೇ ಕಡಿಮೆ.

ಹೋದ ಬೇಸಿಗೆಯಲ್ಲಿ ಅತ್ತಿಗೆಗೆ ಹೆಣ್ಣುಮಗು ಆಯಿತು. ಅಣ್ಣ ಗೋಡೆಯ ಕ್ಯಾಲೆಂಡರ್ ನೋಡಿ, ಮಗಳದ್ದು ರೇವತಿ ನಕ್ಷತ್ರ ಎಂದು ಊರಿಗೆಲ್ಲ ಹೇಳಿಕೊಂಡು ಬಂದ. ನಾಮಕರಣಕ್ಕೆ ಇನ್ನೆರಡು ದಿನ ಇದೆ ಅನ್ನುವಾಗ ಮಗು ತೀರಿಕೊಂಡಿತು. ಹೆಸರಿಡುವ ಮೊದಲೇ ಹೋದ ಮಗುವಿನ ಮಾತನ್ನು ನಮ್ಮ ಮನೆಯಲ್ಲಿ ಎತ್ತುವುದಿಲ್ಲ. ಎತ್ತಿದರೆ ಮುಂದಿನ ಬಸಿರಿಗೆ ಒಳ್ಳೆಯದಲ್ಲ ಎಂದು ಅಜ್ಜಿ ನಂಬಿದ್ದಳು. ತೊಟ್ಟಿಲು ಅಟ್ಟಕ್ಕೆ ಹೋಯಿತು. ಅಣ್ಣ ಕ್ಯಾಲೆಂಡರಿನ ಆ ಹಾಳೆ ಹರಿದ. ಉಳಿದದ್ದು ಒಂದು ಜೊತೆ ಬೆಳ್ಳಿ ಕಾಲ್ಗಡಗ, ಅತ್ತಿಗೆಯ ತಾಯಿ ಕೊಟ್ಟಿದ್ದು. ಮಗುವಿನ ಕಾಲಿಗೆ ಅವು ದೊಡ್ಡವಾಗುತ್ತಿದ್ದವು, ಅತ್ತಿಗೆ ಬಟ್ಟೆ ಸುತ್ತಿ ತೊಡಿಸಿದ್ದಳು.

ಈಗ ಅವರೆಕಾಯಿ ಕಾಲ. ಒಂದು ಸಂಜೆ ನಾನೂ ಅತ್ತಿಗೆಯೂ ಅಂಗಳದಲ್ಲಿ ಅವರೆಕಾಳು ಹಿದುಕುತ್ತಾ ಕೂತಿದ್ದೆವು. ಅವಳು ಕೈ ಒರೆಸಿಕೊಂಡು ಫೋನ್ ತೋರಿಸಿದಳು. ಅದರಲ್ಲಿ ಇಂಗ್ಲಿಷಿನ ಒಂದು ಜಾಹೀರಾತು. ನಿಮ್ಮ ಪ್ರೀತಿಯವರ ಹೆಸರನ್ನು ಒಂದು ನಕ್ಷತ್ರಕ್ಕೆ ಇಡಿ, ಅಧಿಕೃತ ಪ್ರಮಾಣಪತ್ರ ಮನೆಗೆ ಬರುತ್ತದೆ, ಈ ವಾರ ಮಾತ್ರ, ಅಂತ.

"ಇಲ್ಲಿ ಯಾರೂ ಅವಳಿಗೆ ಹೆಸ್ರಿಡ್ಲಿಲ್ಲ," ಅಂದಳು ಅತ್ತಿಗೆ. "ಅಲ್ಲಾದ್ರೂ ಇಡ್ತಾರಂತೆ ಯಶು."

ನಾಳಿದ್ದು ಶಿರಾಕ್ಕೆ ಹೋಗಿ ಕಾಲ್ಗಡಗ ಮಾರಿ ದುಡ್ಡು ಕಟ್ಟುತ್ತಾಳಂತೆ. ಅಣ್ಣನಿಗೆ ಹೇಳಬಾರದಂತೆ. ಹೆಸರು ಬರೆಯುವ ಜಾಗ ಖಾಲಿ ಇತ್ತು. ನಿನಗೆ ಒಳ್ಳೊಳ್ಳೆ ಹೆಸರು ಹೊಳೆಯುತ್ತವೆ, ನೀನೇ ಒಂದು ಇಡು ಎಂದು ಕೇಳಿಕೊಂಡಳು. ನಾನು "ಹೂಂ" ಅಂದುಬಿಟ್ಟೆ. ಅಂದ ಮೇಲೆ ಕೈಯಲ್ಲಿದ್ದ ಕಾಳು ಸಿಪ್ಪೆಯ ಕಡೆ, ಸಿಪ್ಪೆ ಕಾಳಿನ ಕಡೆ ಬೀಳತೊಡಗಿದವು.

ಮಾರನೆಯ ದಿನ ಬಸ್ ಸ್ಟಾಪಿನ ಹತ್ತಿರ ನಿಂತು ರಕ್ಷಾಗೆ ಫೋನ್ ಮಾಡಿದೆ. ಅವಳು ನನ್ನ ಜೊತೆ ಓದಿದವಳು, ಈಗ ಮಧುಗಿರಿಯಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳಿಕೊಡುತ್ತಾಳೆ. ಎಲ್ಲ ಕೇಳಿಸಿಕೊಂಡು ಅವಳು ಒಂದು ನಿಟ್ಟುಸಿರು ಬಿಟ್ಟಳು.

"ಊರ ಕೆರೇನ ನಿನ್ ಹೆಸ್ರಿಗೆ ಬರ್ಕೊಡ್ತೀನಿ ಅನ್ನೋನಿಗೂ ಇವ್ನಿಗೂ ಏನೇ ವ್ಯತ್ಯಾಸ? ಅವನು ಕೊಡೋ ಹೆಸ್ರು ಅವನ ಕಂಪ್ಯೂಟರಲ್ಲಿ ಮಾತ್ರ ಇರುತ್ತೆ. ಅದೇ ನಕ್ಷತ್ರನ ಇನ್ನೊಬ್ಬ ಇನ್ನೊಬ್ರಿಗೆ ಮಾರಿರ್ತಾನೆ."

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಪ್ರಪಂಚದ ಖಗೋಳ ವಿಜ್ಞಾನಿಗಳೆಲ್ಲ ಸೇರಿದ ಒಂದು ಒಕ್ಕೂಟ ಇದೆ. ನಕ್ಷತ್ರಗಳ ಹೆಸರಿಗೆಂದೇ ಅದು 2016ರಲ್ಲಿ ಒಂದು ಸಮಿತಿ ಮಾಡಿತು. ಆ ಸಮಿತಿ ಒಪ್ಪಿದ್ದೇ ಅಧಿಕೃತ ಹೆಸರು. ಅದು ಹೆಸರನ್ನು ಮಾರುವುದಿಲ್ಲ. ಬೇರೆ ಬೇರೆ ನಾಡಿನ ಜನ ಹಿಂದಿನಿಂದ ಏನೆಂದು ಕರೆಯುತ್ತಿದ್ದರು ಎಂದು ಹುಡುಕಿ, ಅದರಲ್ಲಿ ಒಂದನ್ನು ಆರಿಸುತ್ತದೆ. ಅರಬ್ಬರ ಹೆಸರುಗಳು ಬಹಳ ಇವೆ. ಗ್ರೀಕರದು, ಚೀನಿಯರದು ಇವೆ. ಆಸ್ಟ್ರೇಲಿಯಾದ ಮೂಲನಿವಾಸಿಗಳು ಗಿನಾನ್ ಎಂದು ಕರೆಯುತ್ತಿದ್ದ ಒಂದು ನಕ್ಷತ್ರ ಇದೆ. ಅವರ ಕಥೆಯಲ್ಲಿ ಅದು ಹಾಡು ತುಂಬಿದ ಕೆಂಪು ಚೀಲ. ಅದೂ ಪಟ್ಟಿ ಸೇರಿದೆ. ಲೆಕ್ಕವಿಲ್ಲದಷ್ಟು ನಕ್ಷತ್ರಗಳಿಗೆ ಬರೀ ನಂಬರು.

"ನಮ್ದು ಯಾವ್ದಾದ್ರೂ ಇದೆಯಾ?" ಎಂದೆ.

"ಯಾಕಿಲ್ಲ? ಭರಣಿ ಇದೆ. ರೇವತಿ ಇದೆ."

ಅಣ್ಣ ಹರಿದ ಕ್ಯಾಲೆಂಡರಿನ ಹಾಳೆ ನೆನಪಾಯಿತು. ಲೈನ್ ಕಟ್ಟಾಯಿತೇನೋ ಎಂದು ರಕ್ಷಾ ಹಲೋ ಹಲೋ ಅಂದಳು. ರೇವತಿ ಚೆನ್ನಾಗಿ ಹೊಳೆಯುತ್ತದಾ ಎಂದು ಕೇಳಿದೆ.

"ಇಲ್ವೇ, ಬಲು ಮಂಕು. ಬುಕ್ಕಾಪಟ್ಟಣದ ಕಾಡಿನ ಕಡೆ, ದೀಪ ಇಲ್ಲದಿರೋ ಜಾಗಕ್ಕೆ ಹೋಗಿ ಹುಡುಕ್ಬೇಕು. ಆದ್ರೂ ಹೆಸ್ರು ಇದೆ ನೋಡು." ಆಮೇಲೆ ಸೇರಿಸಿದಳು, "ನಿನ್ ಅತ್ತಿಗೆಗೆ ನೀನೇ ಹೇಳ್ಬೇಕು. ನನ್ ಬಾಯಲ್ಲಿ ಹೇಳಿಸ್ಬೇಡ."

ಆ ದಿನ ಹೇಳಲಿಲ್ಲ. ರೊಟ್ಟಿ ತಟ್ಟುವಾಗ ಹೇಳೋಣ ಅಂದುಕೊಂಡೆ, ಅಣ್ಣ ಬಂದ. ನೀರು ಸೇದುವಾಗ ಹೇಳೋಣ ಅಂದುಕೊಂಡೆ, ಅತ್ತಿಗೆ ತಾನೇ ಏನೋ ಗುನುಗಿಕೊಳ್ಳುತ್ತಿದ್ದಳು. ಆ ಬೇಸಿಗೆಯಿಂದ ಈಚೆಗೆ ಅವಳು ಗುನುಗಿದ್ದನ್ನು ನಾನು ಕೇಳಿರಲಿಲ್ಲ.

ಬೆಳಗಾಯಿತು. ಅಣ್ಣ ಕೆಲಸಕ್ಕೆ ಹೋದ. ಅತ್ತಿಗೆ ತಲೆ ಬಾಚಿ, ಸೀರೆ ಬದಲಿಸಿ, ಬ್ಯಾಗು ಹಿಡಿದು ಹೊರಗೆ ಬಂದಳು. ಬ್ಯಾಗಿನ ಒಳಗಿಂದ ಬೆಳ್ಳಿಯ ಸಣ್ಣ ಸದ್ದು ಬರುತ್ತಿತ್ತು. ದೂರದಲ್ಲಿ ಬಸ್ಸಿನ ಹಾರನ್ ಕೇಳಿತು.

"ಅತ್ಗೆ, ಹೋಗ್ಬೇಡ," ಅಂದೆ. "ಅದು ಸುಳ್ಳು. ನಕ್ಷತ್ರದ ಹೆಸ್ರನ್ನ ಯಾರೂ ಮಾರಂಗಿಲ್ಲ."

ಅವಳು ನನ್ನನ್ನೇ ನೋಡಿದಳು. "ಮೊನ್ನೆ ಹೂಂ ಅಂದಿದ್ದೆ. ಈಗ ನಿಂಗೂ ಅದು ಇಲ್ಲದೇ ಇದ್ದ ಕೂಸಾಯ್ತಾ?"

ಅಂಗಳದ ಮೂಲೆಯಲ್ಲಿ ಕಾಳು ಕೇರುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು. "ಯಾವ ಕೂಸು?"

ಮುಚ್ಚಿಡಲು ಏನೂ ಉಳಿಯಲಿಲ್ಲ. ಅತ್ತಿಗೆ ಅಳುತ್ತಲೇ ಎಲ್ಲ ಹೇಳಿದಳು. ಅಜ್ಜಿ ಬೈಯುತ್ತಾಳೆ ಎಂದು ನಾನು ಕಾದೆ. ಅಜ್ಜಿ ಫೋನು ಇಸಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. "ಆಕಾಸನೂ ಸೈಟ್ ಮಾಡ್ಬುಟ್ರಾ ಇವ್ರು?"

ಹೆಸರಿಡುವುದು ವಿಜ್ಞಾನಿಗಳ ಒಂದು ಸಮಿತಿ, ಈ ಜಾಹೀರಾತಿನವರಲ್ಲ ಅಂದೆ. ಅತ್ತಿಗೆ ಬಿಡಲಿಲ್ಲ. ಆ ಸಮಿತಿಯವರಿಗೆ ಅಧಿಕಾರ ಕೊಟ್ಟವರು ಯಾರು, ಅವರು ಇಟ್ಟರೆ ನಿಜ, ಇವರು ಇಟ್ಟರೆ ಸುಳ್ಳು ಹೆಂಗೆ ಎಂದು ನನ್ನನ್ನು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ನಾನು ತಡವರಿಸುತ್ತಾ ರಕ್ಷಾ ಹೇಳಿದ್ದನ್ನೆಲ್ಲ ಹೇಳಿದೆ. ಅವರು ತಾವಾಗಿ ಹುಟ್ಟಿಸಿದ ಹೆಸರುಗಳು ಕಡಿಮೆ, ಜನ ಮೊದಲೇ ಕರೆಯುತ್ತಿದ್ದುದನ್ನೇ ಹುಡುಕಿ ಬರೆದುಕೊಳ್ಳುತ್ತಾರೆ, ಎಲ್ಲ ದೇಶದ ವಿಜ್ಞಾನಿಗಳೂ ಅದನ್ನೇ ಬಳಸುತ್ತಾರೆ, ಅದಕ್ಕೇ ಅದು ನಿಲ್ಲುತ್ತದೆ ಅಂದೆ. ಅರಬ್ಬರದು, ಚೀನಿಯರದು, ಹಾಡಿನ ಚೀಲ ಎಲ್ಲ ಹೇಳಿದೆ. "ನಮ್ ಕಡೇದು ಭರಣಿ ಇದೆ," ಅಂದೆ. ಮುಂದಿನ ಹೆಸರು ನಾಲಿಗೆಯ ತುದಿಗೆ ಬಂತು. ಅತ್ತಿಗೆಯ ಮುಖ ನೋಡಿ ನುಂಗಿಕೊಂಡೆ.

"ಭರಣಿ ಮಳೆ ಅಲ್ವೇನೇ?" ಅಂದಳು ಅಜ್ಜಿ.

"ಮಳೆಗೆ ಆ ಹೆಸ್ರು ಬಂದಿದ್ದೇ ನಕ್ಷತ್ರದಿಂದ ಅಜ್ಜಿ."

ಅಜ್ಜಿ ತಲೆಯೆತ್ತಿ ಆಕಾಶ ನೋಡಿದಳು. ಅವಳ ತವರು ಪಾವಗಡದ ಆಚೆ, ಆಂಧ್ರದ ಗಡಿಯಲ್ಲಿ. ಅಲ್ಲಿ ಒಂದೇ ಸಾಲಲ್ಲಿ ಹೊಳೆಯುವ ಮೂರು ಚುಕ್ಕಿಗೆ ಗೊಲ್ಲಕಾವಡಿ ಅನ್ನುತ್ತಿದ್ದರಂತೆ, ಗೊಲ್ಲ ಹೆಗಲ ಮೇಲೆ ಹೊತ್ತ ಕಾವಡಿ. ಅದು ಪಟ್ಟಿಯಲ್ಲಿ ಇದೆಯಾ ಎಂದು ಕೇಳಿದಳು. ಫೋನಿನಲ್ಲಿ ಹುಡುಕಿ ನೋಡಿ, ಇಲ್ಲ, ಆ ಮೂರಕ್ಕೂ ಅರಬ್ಬಿ ಹೆಸರು ಸೇರಿದೆ ಅಂದೆ.

"ಸೇರ್ಕಳ್ಲಿ ಬುಡು. ಅಂಗಂತ ನಾನು ಕರಿಯದ ಬುಟ್ಬುಡ್ತೀನಾ? ನಮ್ಮವ್ವ ಕರದ್ಲು, ನಾನು ಕರದೆ. ಕರಿಯೋರು ಇರಗಂಟ ಹೆಸ್ರು ಇರ್ತದೆ ಕಣಮ್ಮ."

"ನನ್ ಮಗಳನ್ನ ಕರಿಯೋರು ಯಾರವ್ರೆ ಅಜ್ಜಿ?" ಅಂದಳು ಅತ್ತಿಗೆ.

ಬಸ್ಸು ಬಂತು, ನಿಂತು, ಹೋಯಿತು. ಅಜ್ಜಿ ಎದ್ದು ಬಂದು ಬ್ಯಾಗಿನಿಂದ ಕಾಲ್ಗಡಗ ತೆಗೆದು, ಸೆರಗಿನಿಂದ ಒರೆಸಿ, ಅತ್ತಿಗೆಯ ಮಡಿಲಿಗೆ ಹಾಕಿದಳು. ಅದನ್ನು ಅಜ್ಜಿ ಮುಟ್ಟಿದ್ದು ಆ ಬೇಸಿಗೆಯ ನಂತರ ಅದೇ ಮೊದಲು. ಅತ್ತಿಗೆ ಶಿರಾಕ್ಕೆ ಹೋಗಲಿಲ್ಲ. ಆದರೆ ಅವಳಿಗೆ ಆ ಕಾಗದವೂ ಇಲ್ಲದಂತಾಯಿತು, ಹೆಸರೂ ಸಿಗಲಿಲ್ಲ. ಇದ್ದೊಂದನ್ನೂ ನಾನೇ ಕಿತ್ತುಕೊಂಡೆನೇನೋ ಅನ್ನಿಸಿತು.

ಸಂಜೆ ನಮ್ಮ ಮಹಿಳಾ ಸಂಘದ ಸಭೆ ಇತ್ತು. ಮೂವರೂ ಹೋದೆವು. ಅಧ್ಯಕ್ಷೆ ಮಂಜಮ್ಮ ತನ್ನ ಫೋನಿಗೂ ಅದೇ ಜಾಹೀರಾತು ಬಂದಿದೆ, ಮೊಮ್ಮಗನ ಹುಟ್ಟುಹಬ್ಬಕ್ಕೆ ಒಂದು ನಕ್ಷತ್ರ ಕೊಡಿಸಬೇಕು ಅಂದುಕೊಂಡಿದ್ದೇನೆ ಎಂದು ನಗುತ್ತಾ ಹೇಳಿದಳು. ಇನ್ನಿಬ್ಬರು ಅದನ್ನು ತಮಗೂ ಕಳಿಸು ಅಂದರು. ಅತ್ತಿಗೆ ನನ್ನ ಕಡೆ ತಿರುಗಿದಳು. ಎದ್ದು ಹೇಳು ಎಂಬಂತೆ ತಲೆ ಆಡಿಸಿದಳು.

ಸಂಘದಲ್ಲಿ ನಾನು ಯಾವತ್ತೂ ಎದ್ದು ಮಾತಾಡಿದವಳಲ್ಲ. ಆದರೂ ಎದ್ದೆ. ಅಲ್ಲಿ ಹೇಳಿದ್ದನ್ನೇ ಈಗ ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೂ ಹೇಳುತ್ತಿದ್ದೇನೆ.

"ಅಕ್ಕಂದಿರೇ, ಅಮ್ಮಂದಿರೇ, ನಕ್ಷತ್ರದ ಹೆಸರನ್ನು ಯಾರೂ ಮಾರಲಾರರು, ಯಾರೂ ಕೊಳ್ಳಲಾರರು. ದುಡ್ಡು ಕಟ್ಟಿ ತರಿಸಿದ ಪತ್ರವನ್ನು ಯಾವ ವಿಜ್ಞಾನಿಯೂ ಒಪ್ಪುವುದಿಲ್ಲ. ಅಂಥ ಲಿಂಕು ಬಂದರೆ ಒತ್ತಬೇಡಿ, ಇನ್ನೊಬ್ಬರಿಗೆ ಕಳಿಸಬೇಡಿ. ಫೋನಿನಲ್ಲಿ ಮೋಸಹೋಗಿ ದುಡ್ಡು ಕಳೆದುಕೊಂಡಿದ್ದರೆ ನಾಚಿಕೆ ಪಡದೆ 1930ಕ್ಕೆ ಫೋನ್ ಮಾಡಿ ತಿಳಿಸಿ. ಆಕಾಶದಲ್ಲಿರುವ ಹೆಸರುಗಳು ನಮ್ಮಂಥವರು ಕರೆದು ಕರೆದು ಉಳಿಸಿದವು. ಮನೆಯ ಹಿರಿಯರನ್ನು ಅಂಗಳಕ್ಕೆ ಕರೆದುಕೊಂಡು ಬನ್ನಿ, ಯಾವ ಚುಕ್ಕಿಗೆ ಏನನ್ನುತ್ತಿದ್ದರು ಎಂದು ಕೇಳಿ, ಮಕ್ಕಳಿಗೆ ಹೇಳಿಕೊಡಿ."

ಕೂರಲು ಹೋದೆ. ಅಜ್ಜಿ ನನ್ನ ಸೆರಗು ಹಿಡಿದಳು.

"ಬೆಳಿಗ್ಗೆ ಭರಣಿ ಅಂದ್ಮೇಲೆ ಒಂದ್ ಹೆಸ್ರು ನುಂಗ್ಕಂಡಲ್ಲ," ಅಂದಳು ಮೆಲ್ಲಗೆ. "ನಂಗೂ ಗೊತ್ತು ಅದು. ಹೇಳ್ಬುಡು ಮಗ."

ಎಲ್ಲರೂ ನೋಡುತ್ತಿದ್ದರು. ಅತ್ತಿಗೆಯ ಕೈಯಲ್ಲಿ ಸೆರಗಿನ ಗಂಟು, ಗಂಟಿನಲ್ಲಿ ಕಾಲ್ಗಡಗ. ನಾನು ಅವಳನ್ನೇ ನೋಡುತ್ತಾ ಹೇಳಿದೆ:

"ನಮ್ಮ ಅತ್ತಿಗೆಗೆ ಒಬ್ಬಳು ಮಗಳಿದ್ದಳು. ಅವಳ ಹೆಸರು ರೇವತಿ."