ಕೋತಿಯ ತಿಥಿ

ಗುದ್ದಲಿ ಮೂರನೇ ಏಟಿಗೇ ಅರಿಶಿನದ ಬಟ್ಟೆಗೆ ತಾಗಿತು. ಮಹೇಶ ಪಕ್ಕಕ್ಕೆ ಸರಿದ. ಮೈತುಂಬಾ ಬಿಳಿ ಕೋಟು ತೊಟ್ಟಿದ್ದ ಪಶುವೈದ್ಯೆ ಅಶ್ವಿತಾ ಗುಂಡಿಗಿಳಿದು ಕೋತಿಯ ಕೊರಳಿನ ಸೇವಂತಿಗೆ ಹಾರ ಬಿಡಿಸಿದರು. ಶಿರಂಗಾಲದ ಅರ್ಧ ಊರು ಬದುವಿನ ಮೇಲೆ ನಿಂತು ನೋಡುತ್ತಿತ್ತು. ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ.

ಕೋತಿ ಕಾಯಿಲೆ ಬಿದ್ದದ್ದೋ ಸತ್ತದ್ದೋ ಕಂಡರೆ ಮುಟ್ಟದೆ, ಮುಟ್ಟಲು ಬಿಡದೆ, ಆಫೀಸಿಗೆ ಫೋಟೋ ಕಳಿಸುವುದು ಅರಣ್ಯ ಇಲಾಖೆಯ ವಾಚರ್ ಮಹೇಶನ ಕೆಲಸ. ಮಂಗನ ಕಾಯಿಲೆಯ ಸುಳಿವು ಮೊದಲು ಸಿಗುವುದು ಅಲ್ಲೇ. ಆದರೆ ಈ ಫೋಟೋ ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದದ್ದು. ಕುಂಕುಮವಿಟ್ಟು ಕುರ್ಚಿಯಲ್ಲಿ ಕೂರಿಸಿದ ಕೋತಿ. ಅದರ ತಲೆ ಜೋಲದಂತೆ ಹಿಡಿದುಕೊಂಡವಳು ಅವನ ಅವ್ವ ಹುಚ್ಚಮ್ಮ. ಹನುಮಪ್ಪನ ಕುಲವನ್ನು ನಾಯಿ ಪಾಲು ಮಾಡಬಾರದೆಂದು ಆಕೆಯೇ ಮೀಯಿಸಿ, ಬಾಯಿಗೆ ಹಾಲು ಬಿಟ್ಟು, ಮಡಿಲಲ್ಲಿಟ್ಟುಕೊಂಡು ಟ್ರಾಕ್ಟರಿನಲ್ಲಿ ಗದ್ದೆಗೆ ತಂದು ಹೂಳಿಸಿದ್ದಳಂತೆ. ಮಹೇಶ ಆ ಫೋಟೋವನ್ನೇ ಆಫೀಸಿಗೆ ಕಳಿಸಿದ್ದ.

ಒಂದು ಮಾತು ಮಾತ್ರ ಯಾರಿಗೂ ಹೇಳಿರಲಿಲ್ಲ. ಎರಡು ದಿನ ಮೊದಲು ಆ ಕೋತಿ ಶುಂಠಿ ಹೊಲದಲ್ಲಿ ತೂಕಡಿಸುತ್ತಾ ಕೂತಿತ್ತು. ಕಲ್ಲೆಸೆದರೂ ಏಳಲಿಲ್ಲ. ಭಾನುವಾರವಲ್ಲವೇ, ನಾಳೆ ಹೇಳಿದರಾಯಿತೆಂದು ಅವನು ಬೈಕು ತಿರುಗಿಸಿದ್ದ. ಆ ನಾಳೆ ಬರಲೇ ಇಲ್ಲ.

ಅಶ್ವಿತಾ ಪರೀಕ್ಷೆಗೆ ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಸುಡಿಸಿದರು. ಕೋತಿಯ ಮೈಯ ಉಣ್ಣೆ ಹುಳ ಕಚ್ಚಿದ್ದರೆ ಹನ್ನೆರಡು ದಿನದೊಳಗೆ ಜ್ವರ ಬರಬಹುದು, ದಿನಾ ನೋಡುತ್ತಿರಿ ಎಂದರು. ಅವ್ವ ಕೇಳಿದ್ದು ಒಂದೇ.

"ಹನ್ನೊಂದರ ತಿಥಿ ಮಾಡೋಕೆ ಅಡ್ಡಿ ಇಲ್ಲ ತಾನೆ ತಾಯಿ?"

ಅಂದಿನಿಂದ ಮಹೇಶ ಬೆಳಿಗ್ಗೆ ಸಂಜೆ ಅವಳ ಕಂಕುಳಿಗೆ ಥರ್ಮಾಮೀಟರ್ ಇಟ್ಟ, ಕೂದಲು ಬಿಡಿಸಿ ಉಣ್ಣೆ ಹುಡುಕಿದ, ಆಫೀಸಿಗೆ ವರದಿ ಕಳಿಸಿದ. ಹೆದರಿಕೆಯೂ ಆಗಲಿಲ್ಲ, ಅಳುವೂ ಬರಲಿಲ್ಲ. ಎದೆಗೆ ಜೋಮು ಹಿಡಿದಂತಿತ್ತು. ಏಳನೇ ದಿನ ಫೋನು ಬಂತು, ಕೋತಿಗೆ ಅದೇ ಕಾಯಿಲೆಯಂತೆ. ಅವ್ವನಿಗೆ ಹೇಳಿದ. ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

ಹನ್ನೊಂದನೇ ದಿನ ದೇವಸ್ಥಾನದ ಮುಂದೆ ಶಾಮಿಯಾನ ಹಾಕಿ ಊರಿಗೆಲ್ಲ ಊಟ. ಬೆಳಿಗ್ಗೆ ಜ್ವರವಿರಲಿಲ್ಲ. ಕೊನೆಯ ಪಂಕ್ತಿಗೆ ಕೂತ ಅವ್ವ ಪಾಯಸ ಬಾಯಿಗಿಟ್ಟು, ಎಲೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು.

"ಯಾಕೋ ಬಾಯೆಲ್ಲಾ ಕಹಿ ಕಣ್ಲಾ."

ಪಕ್ಕದಲ್ಲಿದ್ದ ಮಹೇಶ ಎಡಗೈಯನ್ನು ಅವಳ ಹಣೆಗಿಟ್ಟ. ಥರ್ಮಾಮೀಟರ್ ಬೇಕಾಗಿರಲಿಲ್ಲ.

"ಅವ್ವ, ಅದು ಸಾಯೋಕೆ ಎರಡು ದಿನ ಮುಂಚೇನೇ ನಾನು ನೋಡಿದ್ದೆ. ಯಾರ್ಗೂ ಹೇಳ್ನಿಲ್ಲ."

ಅವ್ವ ಅವನ ಕಡೆ ತಿರುಗಿದಳು. ಕಣ್ಣು ಕೆಂಪಗಾಗಿದ್ದವು.

"ನೀರಾದ್ರೂ ಕೊಟ್ಯಾ ಮಗ?"

ಇಲ್ಲವೆಂದ. ಬಡಿಸುವವರು ಬಂದು ಅವನ ಎಲೆಗೆ ಇನ್ನೊಂದು ಸಲ ಅನ್ನ ಹಾಕಿ, ಸಾರು ಬಿಟ್ಟು, ಮುಂದಿನ ಎಲೆಗೆ ಹೋದರು.