ನವಲಿಯ ಪಾಳಿ

ಗಂಗಾವತಿಯ ಕಾಲುವೆ ನೀರು ಬಳಕೆದಾರರ ಒಕ್ಕೂಟದಲ್ಲಿ ಒಂದು ರೂಢಿಯಿದೆ. ಸಭೆ ಅಮಾವಾಸ್ಯೆಯ ದಿನವೇ ಸೇರಬೇಕು, ಏಕೆಂದರೆ ಅಂದು ಯಾರೂ ನೇಗಿಲು ಹೂಡುವುದಿಲ್ಲ. ಮಂಡಕ್ಕಿ, ಮಿರ್ಚಿ ಒಳಗೆ ಬಂದವೆಂದರೆ ನೀರಿನ ಮಾತು ಮುಗಿಯಿತು. ಆಮೇಲೆ ಬಾಯಿ ತೆರೆಯುವುದು ತಿನ್ನಲಿಕ್ಕೆ ಮಾತ್ರ. ಈ ರೂಢಿಯನ್ನು ಯಾವ ಪುಣ್ಯಾತ್ಮ ಹಾಕಿದನೋ, ಕಾಲುವೆಯ ಮೇಲ್ಭಾಗದವರಿಗಂತೂ ಅದು ಭಾರೀ ಅನುಕೂಲವಾಗಿತ್ತು.

ಹೋದ ಸಭೆಯಲ್ಲಿ ಕೊನೆಭಾಗದ ನವಲಿಯಿಂದ ಬಂದಿದ್ದ ಉಡಚಮ್ಮ ಎದ್ದು ನಿಂತಿದ್ದಳು. ತಮ್ಮ ಪಾಳಿಯಲ್ಲಿ ನಾಟಿಯ ಹೊತ್ತಿಗೆ ನೀರು ಬರಲೇ ಇಲ್ಲ, ಇನ್ನೊಂದು ಪಾಳಿ ಕೊಡಿ ಎಂದು ಕೇಳಿದಳು. ಅಧ್ಯಕ್ಷ ಪ್ರಭುರಾಜನ ಗದ್ದೆಗಳಿರುವುದು ಮೇಲ್ಭಾಗದಲ್ಲಿ. ಕಾಲುವೆಗುಂಟ ಮೀಟರುಗಳಿವೆ, ಮೀಟರು ಸುಳ್ಳು ಹೇಳುವುದಿಲ್ಲ, ಮಂದಿ ಹೇಳುತ್ತಾರೆ ಎಂದ ಅವನು. ಸಭೆ ನಕ್ಕಿತು. ಮೀಟರಿನ ಅಳತೆಗಳನ್ನು ನೋಡಿಕೊಳ್ಳುವ ಶ್ವೇತಾ ಅಲ್ಲೇ ಕಂಪ್ಯೂಟರಿನಲ್ಲಿ ಆ ಪಾಳಿಯ ದಿನಾಂಕಗಳನ್ನು ಹಾಕಿದಳು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ಕೊನೆಗೆ ಮಂಡಕ್ಕಿಯೇ ಬಂತು. ಉಡಚಮ್ಮ ತಟ್ಟೆ ಮುಟ್ಟದೆ ಬಸ್ ಸ್ಟ್ಯಾಂಡಿಗೆ ನಡೆದಳು. ಸುಳ್ಳುಬುರುಕಿ ಎನಿಸಿಕೊಂಡು ಹೊರಟ ಆಕೆಯನ್ನು ನೋಡಿ ಶ್ವೇತಾಳಿಗೆ ಮೈಯೆಲ್ಲ ಉರಿಯಿತು. ಬರುವ ಅಮಾವಾಸ್ಯೆಗೆ ಉತ್ತರ ಮಂಡಕ್ಕಿಗಿಂತ ಮೊದಲು ಬರಲೇಬೇಕು ಎಂದು ಹಟ ತೊಟ್ಟಳು.

ರೋಗ ಎಲ್ಲಿದೆ ಎಂದು ತಿಳಿಯಲು ಅವಳಿಗೆ ತಡವಾಗಲಿಲ್ಲ. ಅಳತೆಗಳೆಲ್ಲ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ನಾಲ್ಕು ಸರ್ವರುಗಳಲ್ಲಿ ಹಂಚಿಹೋಗಿದ್ದವು. ಹಂಚಿದವರು ಮೀಟರಿನ ನಂಬರು ನೋಡಿದ್ದರೇ ಹೊರತು ದಿನಾಂಕದ ಕಡೆ ತಿರುಗಿಯೂ ನೋಡಿರಲಿಲ್ಲ. ಹೀಗಾಗಿ ಒಂದು ಪಾಳಿಯ ದಿನಗಳನ್ನು ಕೇಳಿದರೂ ನಾಲ್ಕೂ ಸರ್ವರುಗಳು ಇಷ್ಟು ವರ್ಷಗಳ ರಾಶಿಯನ್ನು ಬುಡದಿಂದ ಕೆದಕುತ್ತಿದ್ದವು.

ಶ್ವೇತಾ ಎಲ್ಲವನ್ನೂ ದಿನದ ಪ್ರಕಾರ ಕಟ್ಟಿ, ಒಂದೊಂದು ದಿನದ ಕಟ್ಟನ್ನು ಒಂದೊಂದು ಸರ್ವರಿಗೆ ಒಪ್ಪಿಸಿದಳು. ಹುಡುಕಾಟವೇನೋ ಬೇಗವಾಯಿತು. ಆದರೆ ಕಾಲುವೆಗೆ ನೀರು ಬಿಟ್ಟ ದಿನ ಅಷ್ಟೂ ಮೀಟರುಗಳ ಹೊಸ ಅಳತೆ, ಆ ದಿನದ ಕಟ್ಟು ಪಾಲಿಗೆ ಬಂದಿದ್ದ ಯಲಬುರ್ಗಾದ ಸರ್ವರೊಂದಕ್ಕೇ ನುಗ್ಗಿ, ಅದು ಉಸಿರುಕಟ್ಟಿ ನಿಂತಿತು. ಉಳಿದ ಮೂರೂ ಹಬ್ಬಕ್ಕೆ ಬಂದ ಅಳಿಯಂದಿರ ಹಾಗೆ ಸುಮ್ಮನೆ ಕೂತಿದ್ದವು. ಕೊಪ್ಪಳದ ಕಚೇರಿಯಿಂದ ಮೇಲಧಿಕಾರಿ ಸುಭಾಷ್ ಫೋನ್ ಮಾಡಿ, ಮೊದಲಿದ್ದಂತೆ ಮಾಡಿಬಿಡು, ಯಾರದೋ ಗದ್ದೆಗೆ ನೀನೇಕೆ ತಲೆ ಕೆಡಿಸಿಕೊಳ್ಳುತ್ತೀ ಎಂದು ಗದರಿದ.

"ಬಿಡೂದಿಲ್ರಿ ಸರ," ಎಂದಳು ಶ್ವೇತಾ. "ಆಕಿ ಖರೇ ಹೇಳ್ಯಾಳೋ ಇಲ್ಲೋ ನನಗ ಗೊತ್ತಿಲ್ಲ. ಕೇಳಿದ್ದಕ್ಕ ಉತ್ತರ ಸಿಗಬೇಕ್ರಿ."

ಮತ್ತೆ ಬಿಚ್ಚಿದಳು, ಮತ್ತೆ ಕಟ್ಟಿದಳು. ಈ ಸಲ ಪ್ರತಿ ದಿನದ ಕಟ್ಟನ್ನೂ ಮೀಟರುಗಳ ಪ್ರಕಾರ ನಾಲ್ಕು ಪಾಲು ಮಾಡಿ ನಾಲ್ಕೂ ಊರಿಗೆ ಹಂಚಿದಳು. ಬರುವ ಅಳತೆಯ ಭಾರ ನಾಲ್ಕೂ ಹೆಗಲಿಗೆ ಬಿತ್ತು. ಹುಡುಕುವಾಗಲೂ ಕೇಳಿದ ದಿನಗಳ ಕಟ್ಟನ್ನಷ್ಟೇ ನಾಲ್ಕೂ ಒಟ್ಟಿಗೆ ಬಿಚ್ಚತೊಡಗಿದವು.

ಅಮಾವಾಸ್ಯೆ ಬಂತು. ಹಿಂದಿನ ಕೋಣೆಯಲ್ಲಿ ಮಿರ್ಚಿ ಎಣ್ಣೆಗೆ ಬೀಳುವ ಸದ್ದು ಕೇಳುತ್ತಿದ್ದಾಗ ಉಡಚಮ್ಮ ಎದ್ದು ಅದೇ ಮಾತು ಹೇಳಿದಳು. ಶ್ವೇತಾ ದಿನಾಂಕ ಹಾಕಿ ಒತ್ತಿದಳು. ಕೈ ತೆಗೆಯುವುದರೊಳಗೆ ಉತ್ತರ ಬಂತು: ಆ ಪಾಳಿಯಲ್ಲಿ ನವಲಿಯ ತೂಬಿಗೆ ಬಂದ ನೀರು ಸರಾಸರಿಯಲ್ಲಿ ಬೇಕಾದಷ್ಟಿತ್ತು.

ಪ್ರಭುರಾಜ ಮೀಸೆಯಡಿ ನಕ್ಕು, ಮಂಡಕ್ಕಿ ತರಲು ಕೈಸನ್ನೆ ಮಾಡಿದ. ಶ್ವೇತಾ ಪರದೆಯನ್ನು ಮತ್ತೊಮ್ಮೆ ಓದಿದಳು. ಇಷ್ಟೆಲ್ಲ ಒದ್ದಾಡಿದ್ದು ಈ ಹೆಂಗಸಿನ ಮಾನವನ್ನು ಎರಡನೇ ಸಲ ಕಳೆಯಲಿಕ್ಕೇನು? ಮೊದಲಾಗಿದ್ದರೆ ಆ ಒಂದು ಉತ್ತರ ಬರುವಷ್ಟರಲ್ಲೇ ಮಂಡಕ್ಕಿ ಬಂದು ಮಾತು ಮುಗಿಯುತ್ತಿತ್ತು. ಆದರೆ ಈಗ ಮಂಡಕ್ಕಿ ಬಾಗಿಲು ದಾಟುವುದರೊಳಗೆ ಇನ್ನೊಂದು ಪ್ರಶ್ನೆ ಕೇಳಲು ಹೊತ್ತಿತ್ತು. ಅದೇ ಪಾಳಿಯನ್ನು ಒಂದೊಂದೇ ದಿನವಾಗಿ ತೋರಿಸು ಎಂದು ಒತ್ತಿದಳು.

ನಾಟಿಯ ದಿನಗಳೆಲ್ಲ ಒಣ ಒಣ. ಪಾಳಿ ಮುಗಿಯುವ ದಿನ ಮಾತ್ರ ಒಮ್ಮೆಲೇ ಹೊಳೆಯಷ್ಟು ನೀರು. ಸರಾಸರಿ ತುಂಬಿದ್ದು ಆ ಒಂದು ದಿನದಿಂದ. ಮೂರನೆಯ ಸಲ ಒತ್ತಿ ಮೇಲ್ಭಾಗದ ತೂಬುಗಳನ್ನು ಕೇಳಿದಳು. ನವಲಿ ಒಣಗಿದ ದಿನಗಳಲ್ಲಿ ಅವು ತುಂಬಿ ಹರಿದಿದ್ದವು. ಮೇಲಿನವರು ಸಾಕಾಗುವಷ್ಟು ಕುಡಿದು ತೂಬು ಮುಚ್ಚಿದ ಮೇಲೆ, ಉಳಿದದ್ದು ಕೆಳಗೆ ನುಗ್ಗಿ ಹಳ್ಳಕ್ಕೆ ಹೋಗಿತ್ತು. ಶ್ವೇತಾ ಪರದೆಯನ್ನು ಸಭೆಯ ಕಡೆ ತಿರುಗಿಸಿದಳು.

ಮಂಡಕ್ಕಿ ಬಂತು. ಯಾರೂ ಕೈ ಹಾಕಲಿಲ್ಲ. ಪ್ರಭುರಾಜ ತಟ್ಟೆಯನ್ನು ಮುಂದಕ್ಕೆ ಸರಿಸಿ, ನವಲಿಗೆ ಇನ್ನೊಂದು ಪಾಳಿ ಕೊಟ್ಟಿದ್ದೇವೆ, ಆಯಿತಲ್ಲ, ಇನ್ನು ತಿನ್ನಿರಿ ಎಂದ.

ಉಡಚಮ್ಮ ಕೂರಲಿಲ್ಲ.

"ನೀರು ಕೊಟ್ರಿ, ಭಾಳ ಛಲೋ ಆತು. ಆದ್ರ ಹೋದ ಸಲ ಇಷ್ಟು ಮಂದಿ ಮುಂದ ನಾನು ಸುಳ್ಳು ಹೇಳ್ತೀನಿ ಅಂದ್ರಿ. ಆ ಮಾತು ವಾಪಸ್ ತಗೋರಿ."

ಪ್ರಭುರಾಜ ಅತ್ತ ಇತ್ತ ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ.

"ನವಲಿಯವರು ಖರೇ ಹೇಳ್ಯಾರ," ಎಂದ ಮೆಲ್ಲಗೆ, ಕೂತಲ್ಲಿಂದಲೇ.

"ಹಿಂದ ಕುಂತವ್ರಿಗೆ ಕೇಳಿಸಿಲ್ರಿ," ಎಂದಳು ಉಡಚಮ್ಮ.

ಪ್ರಭುರಾಜ ಎದ್ದು ನಿಂತು ಮತ್ತೊಮ್ಮೆ ಹೇಳಿದ.